ಆಗ್ನರ್ ಕ್ರಾರಪ್ ಎರ್ಲಾಂಗ್

ಆಗ್ನರ್ ಕ್ರಾರಪ್ ಎರ್ಲಾಂಗ್ (ಜನವರಿ ೧, ೧೮೭೮ – ಫೆಬ್ರವರಿ ೩, ೧೯೨೯) ಡೆನ್ಮಾರ್ಕ್ ದೇಶದ ಗಣಿತಜ್ಞ, ಸಂಖ್ಯಾಶಾಸ್ತ್ರಜ್ಞ ಹಾಗೂ ಎಂಜಿನಿಯರ್. ಇವರನ್ನು ಸರತಿ ಸಿದ್ಧಾಂತದ ಮತ್ತು ದೂರವಾಣಿ ದಟ್ಟಣೆಯ ಗಣಿತದ ಜನಕ ಎಂದು ಪರಿಗಣಿಸಲಾಗುತ್ತದೆ. ಕೆಲವೇ ತಂತಿಗಳನ್ನು ಸಾವಿರಾರು ಜನರು ಹಂಚಿಕೊಂಡು ಬಳಸುವಾಗ ಎಷ್ಟು ಕರೆಗಳು ವಿಫಲವಾಗುತ್ತವೆ, ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಸಂಭವನೀಯತೆಯ ಗಣಿತದಿಂದ ಲೆಕ್ಕ ಹಾಕುವ ಸೂತ್ರಗಳನ್ನು ಇವರು ರೂಪಿಸಿದರು. ಸುಮಾರು ಇಪ್ಪತ್ತು ವರ್ಷ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ದುಡಿದ ಎರ್ಲಾಂಗ್, ಅದಕ್ಕೂ ಮೊದಲು ಶಾಲಾ ಅಧ್ಯಾಪಕರಾಗಿದ್ದರು. ದೂರವಾಣಿ ದಟ್ಟಣೆಯನ್ನು ಅಳೆಯುವ ಅಂತರರಾಷ್ಟ್ರೀಯ ಏಕಮಾನಕ್ಕೆ ಇವರ ಹೆಸರನ್ನೇ ಇಡಲಾಗಿದೆ. ಮೊಬೈಲ್ ದೂರವಾಣಿ, ಗ್ರಾಹಕ ಸೇವಾ ಕೇಂದ್ರಗಳ ಸಿಬ್ಬಂದಿ ನಿರ್ಣಯ ಹಾಗೂ ಕಾಗ್ನಿಟಿವ್ ರೇಡಿಯೊ ಜಾಲಗಳಲ್ಲಿ ತರಂಗಾಂತರ ಹಂಚಿಕೆ ಮುಂತಾದ ಕ್ಷೇತ್ರಗಳ ಲೆಕ್ಕಾಚಾರಕ್ಕೆ ಇವರ ಕೆಲಸವೇ ಮೂಲಾಧಾರವಾಗಿದೆ.

ಜನನ ಮತ್ತು ಬಾಲ್ಯ

ಎರ್ಲಾಂಗ್ ಡೆನ್ಮಾರ್ಕಿನ ಜಟ್‌ಲ್ಯಾಂಡ್ ಪ್ರಾಂತದಲ್ಲಿ, ಟಾರ್ಮ್ ಪಟ್ಟಣದ ಸಮೀಪವಿರುವ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಆ ಹಳ್ಳಿಯ ಶಾಲಾ ಮಾಸ್ತರರಾಗಿದ್ದು, ಚರ್ಚಿನ ಗುಮಾಸ್ತರ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ತಾಯಿ ಮಗ್ದಲೆನ್ ಕ್ರಾರಪ್ ಪಾದ್ರಿಗಳ ಮನೆತನದಿಂದ ಬಂದವರು. ಹದಿನಾರನೆಯ ಶತಮಾನದಲ್ಲಿ ಜನಿಸಿದ ಡೆನ್ಮಾರ್ಕಿನ ಪ್ರಸಿದ್ಧ ಗಣಿತಜ್ಞ ಥಾಮಸ್ ಫಿಂಕೆ ತಾಯಿಯ ಪೂರ್ವಿಕರ ಸಾಲಿಗೆ ಸೇರಿದವರು. ಫ್ರೆಡರಿಕ್ ಎಂಬ ಅಣ್ಣ, ಮೇರಿ ಮತ್ತು ಇಂಗೆಬೋರ್ಗ್ ಎಂಬ ಇಬ್ಬರು ತಂಗಿಯರು ಇವರಿಗಿದ್ದರು.

ಪ್ರಾಥಮಿಕ ಶಿಕ್ಷಣ ತಂದೆಯ ಶಾಲೆಯಲ್ಲಿಯೇ ನಡೆಯಿತು. ಸಂಜೆಯ ಹೊತ್ತು ಅಣ್ಣ ತಮ್ಮಂದಿರು ಮೇಜಿನ ಎದುರುಬದುರು ಕುಳಿತು ಒಂದೇ ಪುಸ್ತಕವನ್ನು ಓದುತ್ತಿದ್ದರು. ಅಣ್ಣ ನೇರವಾಗಿ ಓದಿದರೆ, ಎದುರಿಗೆ ಕುಳಿತ ಆಗ್ನರ್ ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದನೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಬಾಲಕನಿಗೆ ಖಗೋಳಶಾಸ್ತ್ರ ಅತ್ಯಂತ ಪ್ರಿಯವಾದ ವಿಷಯವಾಗಿತ್ತು. ಗ್ರಹ ನಕ್ಷತ್ರಗಳನ್ನು ಕುರಿತು ಪದ್ಯಗಳನ್ನು ಬರೆಯುವ ಹವ್ಯಾಸವೂ ಇತ್ತು.

ವಿದ್ಯಾಭ್ಯಾಸ

ಖಾಸಗಿ ಪಾಠದ ನೆರವಿನಿಂದ ಎರ್ಲಾಂಗ್ ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಪೂರ್ವಭಾವಿ ಪರೀಕ್ಷೆಗೆ ಕುಳಿತು, ವಿಶೇಷ ಶ್ರೇಣಿಯಲ್ಲಿ ತೇರ್ಗಡೆಯಾದರು. ನಿಗದಿತ ವಯಸ್ಸು ಆಗಿರದಿದ್ದುದರಿಂದ ಇದಕ್ಕಾಗಿ ವಿಶೇಷ ಅನುಮತಿ ಪಡೆಯಬೇಕಾಯಿತು. ಆನಂತರ ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯರಾಗಿ ಕೆಲಸ ಮಾಡಿದರು. ಈ ಅವಧಿಯಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನೂ ಕಲಿತರು.

೧೮೯೬ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಮನೆಯಲ್ಲಿ ಹಣದ ಅನುಕೂಲ ಇರಲಿಲ್ಲ. ವಿದ್ಯಾರ್ಥಿವೇತನ ದೊರೆತು, ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿ ಊಟ ಮತ್ತು ವಸತಿ ಉಚಿತವಾಗಿ ಸಿಕ್ಕಿದ್ದರಿಂದ ಓದು ಮುಂದುವರಿಯಿತು. ಝೊಯ್ಟನ್ ಮತ್ತು ಜುವೆಲ್ ಎಂಬ ಪ್ರಾಧ್ಯಾಪಕರ ಪಾಠಗಳಿಂದ ರೇಖಾಗಣಿತದಲ್ಲಿ ಮೂಡಿದ ಆಸಕ್ತಿ ಕೊನೆಯವರೆಗೂ ಉಳಿಯಿತು. ೧೯೦೧ರಲ್ಲಿ ಗಣಿತವನ್ನು ಪ್ರಧಾನ ವಿಷಯವಾಗಿಯೂ, ಖಗೋಳಶಾಸ್ತ್ರ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಉಪವಿಷಯಗಳಾಗಿಯೂ ಆರಿಸಿಕೊಂಡು ಪದವಿ ಪಡೆದರು.

ಅಧ್ಯಾಪಕ ವೃತ್ತಿ

ಪದವಿಯ ನಂತರ ಏಳು ವರ್ಷಗಳ ಕಾಲ ಎರ್ಲಾಂಗ್ ಬೇರೆ ಬೇರೆ ಶಾಲೆಗಳಲ್ಲಿ ಪಾಠ ಹೇಳಿದರು. ಉತ್ತಮ ಶಿಕ್ಷಕರೆಂದು ಹೆಸರಾದರೂ, ಜನರೊಡನೆ ಹೆಚ್ಚು ಬೆರೆಯುವ ಸ್ವಭಾವ ಅವರದಾಗಿರಲಿಲ್ಲ. ಮಾತು ಮಿತವಾಗಿತ್ತು. ಬೇಸಿಗೆ ರಜೆಯಲ್ಲಿ ಫ್ರಾನ್ಸ್, ಸ್ವೀಡನ್, ಜರ್ಮನಿ ಮತ್ತು ಬ್ರಿಟನ್ ದೇಶಗಳಿಗೆ ಪ್ರವಾಸ ಹೋಗಿ, ಕಲಾ ಸಂಗ್ರಹಾಲಯಗಳನ್ನೂ ಗ್ರಂಥಾಲಯಗಳನ್ನೂ ಸಂದರ್ಶಿಸುತ್ತಿದ್ದರು.

ಬೋಧನೆಯ ನಡುವೆಯೂ ಗಣಿತದ ಅಧ್ಯಯನವನ್ನು ಬಿಡಲಿಲ್ಲ. ಹೈಗೆನ್ಸ್ ಎಂಬ ವಿಜ್ಞಾನಿಯು ಸೂಕ್ಷ್ಮರಾಶಿಗಳ ಸಮಸ್ಯೆಗಳನ್ನು ಬಿಡಿಸಿದ ಬಗೆಯನ್ನು ಕುರಿತು ವಿಶ್ವವಿದ್ಯಾಲಯವು ಏರ್ಪಡಿಸಿದ ಪ್ರಬಂಧ ಸ್ಪರ್ಧೆಯಲ್ಲಿ ೧೯೦೪ರಲ್ಲಿ ಮನ್ನಣೆ ಪಡೆದರು. ಡೆನ್ಮಾರ್ಕಿನ ಗಣಿತಜ್ಞರ ಸಂಘದ ಸದಸ್ಯರಾಗಿ ಅದರ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು. ಮುಂದಿನ ಬದುಕಿನ ದಿಕ್ಕು ನಿರ್ಧಾರವಾದದ್ದು ಈ ಸಭೆಗಳಲ್ಲಿಯೇ.

ಕೋಪನ್‌ಹೇಗನ್ ಟೆಲಿಫೋನ್ ಕಂಪನಿ

ಗಣಿತಜ್ಞರ ಸಂಘದಲ್ಲಿ ಎರ್ಲಾಂಗ್ ಅವರಿಗೆ ಯೋಹಾನ್ ಯೆನ್ಸನ್ ಅವರ ಪರಿಚಯವಾಯಿತು. ಯೆನ್ಸನ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್. ಗಣಿತವನ್ನು ಬಿಡುವಿನ ವೇಳೆಯ ಹವ್ಯಾಸವಾಗಿ ಇಟ್ಟುಕೊಂಡಿದ್ದರೂ, ಇಂದು ಪದವಿ ತರಗತಿಗಳಲ್ಲಿ ಕಲಿಸುವ ಯೆನ್ಸನ್ ಅಸಮತೆ ಅವರದೇ. ಕಂಪನಿಯ ನಿರ್ದೇಶಕ ಯೋಹಾನ್ಸನ್ ಅವರಿಗೂ ಸಂಭವನೀಯತೆಯ ಗಣಿತದಲ್ಲಿ ಆಸಕ್ತಿ ಇತ್ತು. ದೂರವಾಣಿ ಕರೆಗಳಿಗಾಗಿ ಕಾಯಬೇಕಾದ ಸಮಯವನ್ನು ಕುರಿತು ಅವರು ಸ್ವತಃ ಒಂದು ಲೇಖನ ಬರೆದಿದ್ದರು. ಯೆನ್ಸನ್ ಅವರು ಎರ್ಲಾಂಗ್ ಅವರನ್ನು ನಿರ್ದೇಶಕರಿಗೆ ಪರಿಚಯಿಸಿದರು. ೧೯೦೮ರಲ್ಲಿ ಎರ್ಲಾಂಗ್ ಶಾಲೆಯನ್ನು ಬಿಟ್ಟು, ವೈಜ್ಞಾನಿಕ ಸಹಾಯಕರಾಗಿ ಕಂಪನಿಯನ್ನು ಸೇರಿದರು. ಮುಂದೆ ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರಾದರು.

ಆ ಕಾಲದ ದೂರವಾಣಿ ವ್ಯವಸ್ಥೆಯಲ್ಲಿ ಕರೆ ಮಾಡುವವರು ಮೊದಲು ವಿನಿಮಯ ಕೇಂದ್ರದ ಆಪರೇಟರ್ ಜೊತೆ ಮಾತನಾಡಬೇಕಿತ್ತು. ಆಪರೇಟರ್ ಕೈಯಿಂದಲೇ ತಂತಿಗಳನ್ನು ಜೋಡಿಸಿ ಸಂಪರ್ಕ ಕೊಡುತ್ತಿದ್ದರು. ಎರಡು ಕೇಂದ್ರಗಳ ನಡುವೆ ಇದ್ದ ತಂತಿಗಳು ಕೆಲವೇ ಆಗಿದ್ದು, ಅವೆಲ್ಲ ಬಳಕೆಯಲ್ಲಿದ್ದರೆ ಹೊಸ ಕರೆಗೆ ಅವಕಾಶ ಇರುತ್ತಿರಲಿಲ್ಲ. ಪ್ರತಿ ಗ್ರಾಹಕರಿಗೂ ಪ್ರತ್ಯೇಕ ತಂತಿ ಎಳೆಯುವುದು ದುಬಾರಿ. ತಂತಿ ತೀರ ಕಡಿಮೆಯಾದರೆ ಗ್ರಾಹಕರು ಪರದಾಡುತ್ತಾರೆ. ಎಷ್ಟು ತಂತಿ, ಎಷ್ಟು ಆಪರೇಟರುಗಳು ಸಾಕು ಎಂಬ ಪ್ರಶ್ನೆಗೆ ಅನುಭವದ ಅಂದಾಜಿನ ಹೊರತು ಉತ್ತರವಿರಲಿಲ್ಲ. ಈ ಪ್ರಶ್ನೆಯನ್ನು ಎರ್ಲಾಂಗ್ ಕೈಗೆತ್ತಿಕೊಂಡರು.

೧೯೦೯ರ ಪ್ರಬಂಧ

ಕಂಪನಿ ಸೇರಿದ ಮರುವರ್ಷವೇ, ಅಂದರೆ ೧೯೦೯ರಲ್ಲಿ, ಸಂಭವನೀಯತೆಯ ಸಿದ್ಧಾಂತ ಮತ್ತು ದೂರವಾಣಿ ಸಂಭಾಷಣೆಗಳನ್ನು ಕುರಿತ ಅವರ ಮೊದಲ ಮುಖ್ಯ ಪ್ರಬಂಧ ಡೇನಿಷ್ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಒಬ್ಬರ ಕರೆಗೂ ಇನ್ನೊಬ್ಬರ ಕರೆಗೂ ಸಂಬಂಧವಿಲ್ಲದೆ ಕರೆಗಳು ಬರುತ್ತಿದ್ದರೆ, ನಿರ್ದಿಷ್ಟ ಅವಧಿಯಲ್ಲಿ ಬರುವ ಕರೆಗಳ ಸಂಖ್ಯೆಯು ಪಾಯ್ಸಾನ್ ವಿತರಣೆಯನ್ನು ಅನುಸರಿಸುತ್ತದೆ ಎಂದು ಅವರು ತೋರಿಸಿದರು.

ಇದರ ಅರ್ಥವನ್ನು ಹೀಗೆ ತಿಳಿಯಬಹುದು. ಒಂದು ಕೇಂದ್ರಕ್ಕೆ ನಿಮಿಷಕ್ಕೆ ಸರಾಸರಿ ೨ ಕರೆಗಳು ಬರುತ್ತವೆ ಎಂದಿಟ್ಟುಕೊಳ್ಳೋಣ. ಆದರೂ ಪ್ರತಿ ನಿಮಿಷವೂ ಎರಡೇ ಕರೆಗಳು ಬರುವುದಿಲ್ಲ. ಲೆಕ್ಕದ ಪ್ರಕಾರ ಶೇಕಡ ೧೩.೫ರಷ್ಟು ನಿಮಿಷಗಳಲ್ಲಿ ಒಂದೂ ಕರೆ ಬರುವುದಿಲ್ಲ. ಶೇಕಡ ೫.೩ರಷ್ಟು ನಿಮಿಷಗಳಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಕರೆಗಳು ಒಟ್ಟಿಗೆ ಬಂದು ಬೀಳುತ್ತವೆ. ಆದ್ದರಿಂದ ಸರಾಸರಿಯನ್ನಷ್ಟೇ ನಂಬಿ ವ್ಯವಸ್ಥೆ ಮಾಡಿದರೆ, ಒಮ್ಮೆ ತಂತಿಗಳು ಸುಮ್ಮನೆ ಬಿದ್ದಿರುತ್ತವೆ, ಇನ್ನೊಮ್ಮೆ ನೂಕುನುಗ್ಗಲಾಗುತ್ತದೆ. ಈ ಏರಿಳಿತ ಯಾರ ತಪ್ಪಿನಿಂದಲೂ ಉಂಟಾದುದಲ್ಲ, ಅದು ಆಕಸ್ಮಿಕದ ಸಹಜ ಲಕ್ಷಣ ಎಂಬುದು ಈ ಪ್ರಬಂಧದಿಂದ ಸ್ಪಷ್ಟವಾಯಿತು.

೧೯೧೭ರ ಸೂತ್ರಗಳು

ಎರ್ಲಾಂಗ್ ಅವರ ಅತ್ಯಂತ ಪ್ರಸಿದ್ಧ ಕೃತಿ ೧೯೧೭ರಲ್ಲಿ ಪ್ರಕಟವಾಯಿತು. ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರಗಳಿಗೆ ಸಂಬಂಧಿಸಿದ ಸಂಭವನೀಯತೆಯ ಸಮಸ್ಯೆಗಳಿಗೆ ಇದರಲ್ಲಿ ಪರಿಹಾರ ನೀಡಲಾಗಿದೆ. ಮರುವರ್ಷ ಇದರ ಇಂಗ್ಲಿಷ್ ರೂಪ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರುಗಳ ಪತ್ರಿಕೆಯಲ್ಲಿ ಬಂದಿತು. ಬ್ರಿಟಿಷ್ ಅಂಚೆ ಇಲಾಖೆಯು ಇವರ ಸೂತ್ರವನ್ನು ತನ್ನ ಕೇಂದ್ರಗಳ ಲೆಕ್ಕಾಚಾರಕ್ಕೆ ಒಪ್ಪಿಕೊಂಡಿತು. ಈ ಪ್ರಬಂಧದಲ್ಲಿ ಎರಡು ಬಗೆಯ ವ್ಯವಸ್ಥೆಗಳ ವಿಚಾರವಿದೆ.

ಮೊದಲನೆಯದು ನಷ್ಟದ ವ್ಯವಸ್ಥೆ. ಎಲ್ಲ ತಂತಿಗಳೂ ಬಳಕೆಯಲ್ಲಿದ್ದಾಗ ಬಂದ ಕರೆ ಇಲ್ಲಿ ಕೈತಪ್ಪಿಹೋಗುತ್ತದೆ. ಕರೆ ಮಾಡಿದವರು ಮತ್ತೆ ಪ್ರಯತ್ನಿಸಬೇಕು. ಇಂತಹ ನಷ್ಟದ ಸಂಭವನೀಯತೆಯನ್ನು ಕೊಡುವ ಸೂತ್ರಕ್ಕೆ ಎರ್ಲಾಂಗ್ ಬಿ ಸೂತ್ರ ಎಂಬ ಹೆಸರು ರೂಢಿಯಲ್ಲಿದೆ.

ಎರಡನೆಯದು ಕಾಯುವ ವ್ಯವಸ್ಥೆ. ಇಲ್ಲಿ ಕರೆ ನಷ್ಟವಾಗುವುದಿಲ್ಲ. ತಂತಿ ತೆರವಾಗುವವರೆಗೆ ಸಾಲಿನಲ್ಲಿ ಕಾಯುತ್ತದೆ. ನಮ್ಮಲ್ಲಿ ಹಿಂದೆ ದೂರದ ಊರುಗಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಅಂಚೆ ಕಚೇರಿಯಲ್ಲಿ ಸರದಿ ಬರುವವರೆಗೂ ಕುಳಿತಿರಬೇಕಾಗಿದ್ದ ವ್ಯವಸ್ಥೆ ಇದಕ್ಕೆ ಉದಾಹರಣೆ. ಕಾಯಬೇಕಾಗಿ ಬರುವ ಸಂಭವನೀಯತೆಯನ್ನು ಕೊಡುವ ಸೂತ್ರವನ್ನು ಎರ್ಲಾಂಗ್ ಸಿ ಸೂತ್ರ ಎನ್ನುತ್ತಾರೆ.

ಈ ಸೂತ್ರಗಳನ್ನು ಪಡೆಯಲು ಎರ್ಲಾಂಗ್ ಸಮತೋಲದ ಕಲ್ಪನೆಯನ್ನು ಬಳಸಿದರು. ವ್ಯವಸ್ಥೆಯು ಬಹುಕಾಲ ನಡೆದ ಮೇಲೆ, ಮೂರು ತಂತಿಗಳು ಬಳಕೆಯಲ್ಲಿರುವ ಸ್ಥಿತಿಯಿಂದ ನಾಲ್ಕು ತಂತಿಗಳ ಸ್ಥಿತಿಗೆ ಎಷ್ಟು ಸಲ ಏರುತ್ತದೆಯೋ, ನಾಲ್ಕರಿಂದ ಮೂರಕ್ಕೆ ಅಷ್ಟೇ ಸಲ ಇಳಿಯಬೇಕು. ಪ್ರತಿಯೊಂದು ಮೆಟ್ಟಿಲಿಗೂ ಇಂತಹ ಸಮೀಕರಣ ಬರೆದು ಬಿಡಿಸಿದರೆ ಸೂತ್ರ ದೊರೆಯುತ್ತದೆ. ಇಂದಿಗೂ ಸರತಿ ಸಿದ್ಧಾಂತದ ಪಾಠ ಆರಂಭವಾಗುವುದು ಈ ಕ್ರಮದಿಂದಲೇ.

ಲೆಕ್ಕದ ಉದಾಹರಣೆ

ಒಂದು ತಂತಿಯು ಒಂದು ಗಂಟೆ ಎಡೆಬಿಡದೆ ಬಳಕೆಯಲ್ಲಿದ್ದರೆ ಅದು ೧ ಎರ್ಲಾಂಗ್ ಹೊರೆ. ಗಂಟೆಗೆ ೪೦ ಕರೆಗಳು ಬಂದು, ಪ್ರತಿ ಕರೆ ಸರಾಸರಿ ೩ ನಿಮಿಷ ನಡೆದರೆ, ಒಟ್ಟು ೧೨೦ ನಿಮಿಷಗಳ ಮಾತು. ಅಂದರೆ ಹೊರೆ ೨ ಎರ್ಲಾಂಗ್. ಇದಕ್ಕೆ ೨ ತಂತಿ ಸಾಕೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

ನಷ್ಟದ ಸಂಭವನೀಯತೆಯನ್ನು ಒಂದೊಂದೇ ತಂತಿ ಸೇರಿಸುತ್ತ ಲೆಕ್ಕ ಹಾಕುವ ಸುಲಭ ಕ್ರಮವಿದೆ. ತಂತಿಯೇ ಇಲ್ಲದಿದ್ದರೆ ಎಲ್ಲ ಕರೆಗಳೂ ನಷ್ಟ, ಆದ್ದರಿಂದ ಆಗಿನ ಸಂಭವನೀಯತೆ ೧. ಮುಂದೆ ಪ್ರತಿ ಹಂತದಲ್ಲಿಯೂ ಹಿಂದಿನ ಹಂತದ ಸಂಭವನೀಯತೆಯನ್ನು ಹೊರೆಯಿಂದ ಗುಣಿಸಬೇಕು. ಬಂದ ಗುಣಲಬ್ಧವನ್ನು, ಅದೇ ಗುಣಲಬ್ಧಕ್ಕೆ ಈಗಿನ ತಂತಿಗಳ ಸಂಖ್ಯೆಯನ್ನು ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಹೊರೆ ೨ ಎರ್ಲಾಂಗ್ ಆಗಿರುವಾಗ ಫಲಿತಾಂಶ ಹೀಗಿದೆ:

೧ ತಂತಿ: ಶೇಕಡ ೬೬.೭ ನಷ್ಟ
೨ ತಂತಿ: ಶೇಕಡ ೪೦ ನಷ್ಟ
೩ ತಂತಿ: ಶೇಕಡ ೨೧.೧ ನಷ್ಟ
೪ ತಂತಿ: ಶೇಕಡ ೯.೫ ನಷ್ಟ
೫ ತಂತಿ: ಶೇಕಡ ೩.೭ ನಷ್ಟ

ಎರಡು ತಂತಿಗಳಷ್ಟೇ ಇದ್ದರೆ ನೂರಕ್ಕೆ ನಲವತ್ತು ಕರೆಗಳು ಕೈತಪ್ಪುತ್ತವೆ. ಐದು ತಂತಿಗಳಿದ್ದರೆ ನಷ್ಟ ನಾಲ್ಕಕ್ಕಿಂತ ಕಡಿಮೆ. ಆದರೆ ಆಗ ಸರಾಸರಿ ಮೂರು ತಂತಿಗಳು ಖಾಲಿ ಇರುತ್ತವೆ. ಈ ಖಾಲಿತನವನ್ನು ಕೇವಲ ಪೋಲು ಎಂದು ಭಾವಿಸಬಾರದು. ಕರೆ ಬಂದ ಕೂಡಲೇ ದಾರಿ ಸಿಗಬೇಕಾದರೆ ತೆರಬೇಕಾದ ಬೆಲೆ ಅದು. ಐದು ತಂತಿಗಳ ಮೇಲೆಯೇ ಹೊರೆಯನ್ನು ೨ರಿಂದ ೪ ಎರ್ಲಾಂಗಿಗೆ ಏರಿಸಿದರೆ ನಷ್ಟ ಶೇಕಡ ೩.೭ರಿಂದ ೧೯.೯ಕ್ಕೆ ಜಿಗಿಯುತ್ತದೆ. ಹೊರೆ ಇಮ್ಮಡಿಯಾದರೆ ನಷ್ಟ ಐದು ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಹಂಚಿಕೊಂಡು ಬಳಸುವುದರ ಲಾಭವನ್ನೂ ಇದೇ ಸೂತ್ರ ತೋರಿಸುತ್ತದೆ. ಮಂಗಳೂರಿನ ಕಂಕನಾಡಿಯಂತಹ ಜನನಿಬಿಡ ಪ್ರದೇಶದಲ್ಲಿ ಎರಡು ಮೊಬೈಲ್ ಕಂಪನಿಗಳಿಗೆ ತಲಾ ೫ ಚಾನೆಲ್‌ಗಳಿದ್ದು, ತಲಾ ೨ ಎರ್ಲಾಂಗ್ ಹೊರೆ ಇದೆಯೆಂದು ಕಲ್ಪಿಸಿಕೊಳ್ಳೋಣ. ಎರಡೂ ಬೇರೆ ಬೇರೆಯಾಗಿ ನಡೆದರೆ ಪ್ರತಿಯೊಂದರಲ್ಲಿಯೂ ಶೇಕಡ ೩.೭ ಕರೆಗಳು ನಷ್ಟ. ಒಂದರಲ್ಲಿ ಚಾನೆಲ್ ಖಾಲಿ ಇದ್ದರೂ ಇನ್ನೊಂದರ ಗ್ರಾಹಕರಿಗೆ ಸಿಗುವುದಿಲ್ಲ. ಎರಡೂ ಸೇರಿ ೧೦ ಚಾನೆಲ್‌ಗಳನ್ನು ಹಂಚಿಕೊಂಡರೆ ೪ ಎರ್ಲಾಂಗ್ ಹೊರೆಗೆ ನಷ್ಟ ಶೇಕಡ ೦.೫ರಷ್ಟು ಮಾತ್ರ. ಚಾನೆಲ್ ಒಂದೂ ಹೆಚ್ಚಾಗಲಿಲ್ಲ, ಕರೆ ಒಂದೂ ಕಡಿಮೆಯಾಗಲಿಲ್ಲ. ಆದರೂ ನಷ್ಟ ಏಳರಲ್ಲಿ ಒಂದು ಪಾಲಿಗೆ ಇಳಿಯಿತು.

ಇತರ ಕೆಲಸಗಳು

ಪ್ರಯೋಗಾಲಯದಲ್ಲಿ ಆರಂಭದ ದಿನಗಳಲ್ಲಿ ಎರ್ಲಾಂಗ್ ಅವರಿಗೆ ಸಹಾಯಕರಿರಲಿಲ್ಲ. ನೆಲದಡಿಯ ದೂರವಾಣಿ ಕೇಬಲ್‌ಗಳಿಗೆ ಹಾನಿ ಮಾಡುವ ಅಡ್ಡಾದಿಡ್ಡಿ ವಿದ್ಯುತ್ ಪ್ರವಾಹಗಳನ್ನು ಅವರು ತಾವೇ ಅಳೆಯುತ್ತಿದ್ದರು. ಏಣಿ ಹೊತ್ತ ಕೆಲಸಗಾರನೊಬ್ಬನನ್ನು ಜೊತೆಗೆ ಕರೆದುಕೊಂಡು ಕೋಪನ್‌ಹೇಗನ್ನಿನ ಬೀದಿಗಳಲ್ಲಿ ನಡೆದು, ಮ್ಯಾನ್‌ಹೋಲ್‌ಗಳೊಳಗೆ ಇಳಿಯುವುದು ಅವರ ದಿನಚರಿಯ ಭಾಗವಾಗಿತ್ತು. ದೂರವಾಣಿ ಪ್ರವಾಹದ ಅಳತೆಗಾಗಿ ಅವರು ಉಪಕರಣವನ್ನೂ ವಿನ್ಯಾಸಗೊಳಿಸಿದರು.

ಅಂಕಿಗಳ ಕೋಷ್ಟಕಗಳನ್ನು ಸಿದ್ಧಪಡಿಸುವುದರಲ್ಲಿ ಅವರಿಗೆ ವಿಶೇಷ ಒಲವಿತ್ತು. ಅವರು ರಚಿಸಿದ ನಾಲ್ಕಂಕಿಯ ಲಾಗರಿತಮ್ ಕೋಷ್ಟಕಗಳು ಅಚ್ಚಾದವು. ೧೯೨೦ರಲ್ಲಿ ಕಾಯುವ ಸಮಯವನ್ನು ಕುರಿತು ಇನ್ನೊಂದು ಮುಖ್ಯ ಲೇಖನ ಬರೆದರು. ಸಹೋದ್ಯೋಗಿ ಮೋ ಅವರ ವಿಚಾರವನ್ನು ಆಧರಿಸಿ, ಲಭ್ಯ ಹಣವನ್ನು ದೂರವಾಣಿ ಜಾಲದ ವಿವಿಧ ಭಾಗಗಳಿಗೆ ಹೇಗೆ ಹಂಚಿದರೆ ಗರಿಷ್ಠ ಪ್ರಯೋಜನ ದೊರೆಯುತ್ತದೆ ಎಂಬುದನ್ನೂ ಗಣಿತಕ್ಕೆ ಅಳವಡಿಸಿದರು. ಹಲವು ಹಂತಗಳಲ್ಲಿ ಮುಗಿಯುವ ಕೆಲಸದ ಅವಧಿಯನ್ನು ವಿವರಿಸಲು ಅವರು ಬಳಸಿದ ವಿತರಣೆಯನ್ನು ಇಂದು ಎರ್ಲಾಂಗ್ ವಿತರಣೆ ಎಂದು ಕರೆಯಲಾಗುತ್ತದೆ.

ಅವರ ಬರವಣಿಗೆ ಮಾತಿನಂತೆಯೇ ಬಹಳ ಸಂಕ್ಷಿಪ್ತ. ಅನೇಕ ಕಡೆ ಫಲಿತಾಂಶವನ್ನು ಹೇಳಿ, ಸಾಧನೆಯ ವಿವರಗಳನ್ನು ಕೈಬಿಟ್ಟಿದ್ದಾರೆ. ಇದರಿಂದ ಬೇರೆ ದೇಶಗಳ ವಿದ್ವಾಂಸರಿಗೆ ತೊಡಕಾಯಿತು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದ ಸಂಶೋಧಕರೊಬ್ಬರು ಎರ್ಲಾಂಗ್ ಅವರ ಲೇಖನಗಳನ್ನು ಮೂಲದಲ್ಲಿಯೇ ಓದುವ ಸಲುವಾಗಿ ಡೇನಿಷ್ ಭಾಷೆಯನ್ನು ಕಲಿತರು.

ವ್ಯಕ್ತಿತ್ವ

ಎರ್ಲಾಂಗ್ ಮದುವೆಯಾಗಲಿಲ್ಲ. ಕೆಲಸ ಮತ್ತು ಅಧ್ಯಯನಗಳಿಗೆ ಬಹುಪಾಲು ಸಮಯವನ್ನು ಮೀಸಲಿಟ್ಟು, ಎಷ್ಟೋ ಸಲ ರಾತ್ರಿ ಬಹಳ ಹೊತ್ತಿನವರೆಗೂ ದುಡಿಯುತ್ತಿದ್ದರು. ಗಣಿತ, ಖಗೋಳ ಮತ್ತು ಭೌತಶಾಸ್ತ್ರದ ಪುಸ್ತಕಗಳ ದೊಡ್ಡ ಸಂಗ್ರಹ ಅವರ ಬಳಿ ಇತ್ತು. ಸಭೆ ಸಮಾರಂಭಗಳಲ್ಲಿ ಮಾತನಾಡುವುದಕ್ಕಿಂತ ಮೌನವಾಗಿ ಗಮನಿಸುವುದು ಅವರಿಗೆ ಹೆಚ್ಚು ಹಿತವಾಗಿತ್ತು. ಖಾಸಗಿ ಮನುಷ್ಯ ಎಂಬ ಅರ್ಥದ ಅಡ್ಡಹೆಸರಿನಿಂದ ಗೆಳೆಯರು ಅವರನ್ನು ಕರೆಯುತ್ತಿದ್ದರು.

ಕಷ್ಟದಲ್ಲಿದ್ದವರು ಅವರನ್ನು ಹುಡುಕಿಕೊಂಡು ಪ್ರಯೋಗಾಲಯಕ್ಕೇ ಬರುತ್ತಿದ್ದರು. ಎರ್ಲಾಂಗ್ ಅವರಿಗೆ ಸದ್ದಿಲ್ಲದೆ ನೆರವಾಗುತ್ತಿದ್ದರು.

ನಿಧನ

ಸುಮಾರು ಇಪ್ಪತ್ತು ವರ್ಷಗಳ ಸೇವೆಯಲ್ಲಿ ಅನಾರೋಗ್ಯದ ಕಾರಣದಿಂದ ಎರ್ಲಾಂಗ್ ಒಂದು ದಿನವೂ ಕೆಲಸಕ್ಕೆ ಗೈರುಹಾಜರಾಗಿರಲಿಲ್ಲ. ೧೯೨೯ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ದಾಖಲಾದರು. ಫೆಬ್ರವರಿ ೩ರಂದು, ೫೧ನೆಯ ವಯಸ್ಸಿನಲ್ಲಿ, ಕೊನೆಯುಸಿರೆಳೆದರು.

ಗೌರವ ಮತ್ತು ಸ್ಮರಣೆ

೧೯೪೬ರಲ್ಲಿ ದೂರವಾಣಿ ಕುರಿತ ಅಂತರರಾಷ್ಟ್ರೀಯ ಸಲಹಾ ಸಮಿತಿಯು ದಟ್ಟಣೆಯ ಏಕಮಾನಕ್ಕೆ ಎರ್ಲಾಂಗ್ ಎಂಬ ಹೆಸರನ್ನು ಅಂಗೀಕರಿಸಿತು. ೧೯೪೮ರಲ್ಲಿ ಬ್ರಾಕ್‌ಮೇಯರ್, ಹಾಲ್‌ಸ್ಟ್ರೋಮ್ ಮತ್ತು ಆರ್ನೆ ಯೆನ್ಸನ್ ಅವರು ಎರ್ಲಾಂಗರ ಜೀವನ ಮತ್ತು ಕೃತಿಗಳನ್ನು ಕುರಿತ ಗ್ರಂಥವನ್ನು ಇಂಗ್ಲಿಷಿನಲ್ಲಿ ಹೊರತಂದರು. ಅವರ ಲೇಖನಗಳು ಜಗತ್ತಿನ ಓದುಗರಿಗೆ ಒಟ್ಟಾಗಿ ದೊರೆತದ್ದು ಇದರಿಂದಲೇ. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ೧೯೮೦ರ ದಶಕದಲ್ಲಿ ರೂಪುಗೊಂಡ ಕಂಪ್ಯೂಟರ್ ಭಾಷೆಯೊಂದಕ್ಕೂ ಎರ್ಲಾಂಗ್ ಎಂಬ ಹೆಸರಿದೆ.

ಸರತಿ ಸಿದ್ಧಾಂತದ ಬೆಳವಣಿಗೆ ಮತ್ತು ಕರ್ನಾಟಕ

ಎರ್ಲಾಂಗ್ ಅವರ ನಂತರ ರಷ್ಯಾದ ಖಿಂಚಿನ್, ಪೊಲಾಚೆಕ್, ಇಂಗ್ಲೆಂಡಿನ ಡೇವಿಡ್ ಕೆಂಡಾಲ್ ಮೊದಲಾದವರು ಈ ಸಿದ್ಧಾಂತವನ್ನು ಬೆಳೆಸಿದರು. ಸರತಿಗಳನ್ನು ವರ್ಗೀಕರಿಸುವ ಸಂಕೇತ ಪದ್ಧತಿಯನ್ನು ೧೯೫೩ರಲ್ಲಿ ಕೆಂಡಾಲ್ ರೂಪಿಸಿದರು. ದೂರವಾಣಿಗಾಗಿ ಹುಟ್ಟಿದ ಗಣಿತವು ಕಾರ್ಖಾನೆ, ಆಸ್ಪತ್ರೆ, ವಿಮಾನ ನಿಲ್ದಾಣ ಮತ್ತು ಕಂಪ್ಯೂಟರ್ ಜಾಲಗಳಿಗೂ ಹಬ್ಬಿತು.

ಈ ಬೆಳವಣಿಗೆಯಲ್ಲಿ ಕರ್ನಾಟಕದ ಪಾಲೂ ಇದೆ. ೧೯೨೪ರಲ್ಲಿ ಕಲ್ಲಿಕೋಟೆಯಲ್ಲಿ ಜನಿಸಿದ ನರಹರಿ ಉಮಾನಾಥ ಪ್ರಭು ಅವರು ೧೯೫೦ರ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿದ್ದರು. ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಸರತಿ ಸಿದ್ಧಾಂತದ ಪ್ರಮುಖ ವಿದ್ವಾಂಸರಲ್ಲಿ ಒಬ್ಬರೆನಿಸಿದರು. ಈ ವಿಷಯಕ್ಕೇ ಮೀಸಲಾಗಿ ೧೯೮೬ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಪತ್ರಿಕೆಯ ಸ್ಥಾಪಕ ಸಂಪಾದಕರೂ ಅವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಪರ್ಕ ಜಾಲಗಳ ಗಣಿತದ ಸಂಶೋಧನೆ ದಶಕಗಳಿಂದ ನಡೆದುಬಂದಿದೆ.

ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೦೯ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳಲ್ಲಿ, ಮೊಬೈಲ್ ಸಂಭಾಷಣೆಯ ಚಾನೆಲ್‌ಗಳ ದಟ್ಟಣೆ ಶೇಕಡ ೨ನ್ನು ಮೀರಬಾರದೆಂದು ವಿಧಿಸಿತು. ಇಂತಹ ಮಿತಿಯೊಳಗೆ ಉಳಿಯಲು ಎಷ್ಟು ಚಾನೆಲ್ ಬೇಕೆಂದು ತಿಳಿಯಲು ಎರ್ಲಾಂಗ್ ಬಿ ಸೂತ್ರ ನೆರವಾಗುತ್ತದೆ.

ಕಾಗ್ನಿಟಿವ್ ರೇಡಿಯೊ ಜಾಲಗಳಲ್ಲಿ

ಎರ್ಲಾಂಗ್ ಕಾಲದಲ್ಲಿ ಹಂಚಿಕೊಳ್ಳಬೇಕಾಗಿದ್ದುದು ತಾಮ್ರದ ತಂತಿ. ಇಂದು ಅದರ ಸ್ಥಾನದಲ್ಲಿ ಸ್ಪೆಕ್ಟ್ರಂ ಎಂದು ಕರೆಯುವ ರೇಡಿಯೊ ತರಂಗಾಂತರಗಳಿವೆ. ತಂತಿಯನ್ನು ಹೊಸದಾಗಿ ಎಳೆಯಬಹುದು. ತರಂಗಾಂತರವನ್ನು ಹೊಸದಾಗಿ ಸೃಷ್ಟಿಸಲಾಗದು. ಸರ್ಕಾರಗಳು ಅದನ್ನು ತುಂಡು ತುಂಡಾಗಿ ವಿಂಗಡಿಸಿ, ದೂರದರ್ಶನ, ಮೊಬೈಲ್ ಕಂಪನಿ ಮುಂತಾದವರಿಗೆ ಪರವಾನಗಿ ಮೂಲಕ ಕೊಡುತ್ತವೆ. ಮೇಲಿನ ಉದಾಹರಣೆಯಲ್ಲಿ ಕಂಡಂತೆ, ನಷ್ಟ ಕಡಿಮೆ ಇರಬೇಕಾದರೆ ಪರವಾನಗಿದಾರರ ಚಾನೆಲ್‌ಗಳಲ್ಲಿ ಒಂದಷ್ಟು ಸದಾ ಖಾಲಿ ಇರಲೇಬೇಕು. ಈ ಖಾಲಿ ಕ್ಷಣಗಳನ್ನು ಇತರರು ಬಳಸಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಕಾಗ್ನಿಟಿವ್ ರೇಡಿಯೊ. ಸುತ್ತಲಿನ ತರಂಗಗಳನ್ನು ತಾನೇ ಆಲಿಸಿ, ಖಾಲಿ ಇರುವ ಚಾನೆಲ್ಲನ್ನು ಗುರುತಿಸಿ ಬಳಸುವ ಈ ಬಗೆಯ ರೇಡಿಯೊದ ಕಲ್ಪನೆಯನ್ನು ೧೯೯೯ರಲ್ಲಿ ಜೋಸೆಫ್ ಮಿಟೋಲಾ ಮತ್ತು ಜೆರಾಲ್ಡ್ ಮಗ್ವೈರ್ ಮುಂದಿಟ್ಟರು. ದೂರದರ್ಶನದ ಖಾಲಿ ಚಾನೆಲ್‌ಗಳನ್ನು ಗ್ರಾಮೀಣ ಇಂಟರ್ನೆಟ್‌ಗೆ ಬಳಸುವ ಅಂತರರಾಷ್ಟ್ರೀಯ ತಾಂತ್ರಿಕ ಮಾನದಂಡವೊಂದು ೨೦೧೧ರಲ್ಲಿ ಸಿದ್ಧವಾಯಿತು.

ಇಲ್ಲಿ ಬಳಕೆದಾರರು ಎರಡು ವರ್ಗದವರು. ಪರವಾನಗಿ ಪಡೆದವರು ಪ್ರಾಥಮಿಕ ಬಳಕೆದಾರರು. ಖಾಲಿ ಇದ್ದಾಗ ಮಾತ್ರ ಬಳಸುವವರು ದ್ವಿತೀಯ ಬಳಕೆದಾರರು. ಪ್ರಾಥಮಿಕ ಬಳಕೆದಾರ ಬಂದ ಕೂಡಲೇ ದ್ವಿತೀಯ ಬಳಕೆದಾರ ಚಾನೆಲ್ಲನ್ನು ತೆರವು ಮಾಡಬೇಕು. ಗಣಿತದಲ್ಲಿ ಇದು ಆದ್ಯತೆಯ ಸರತಿ. ಟೋಕನ್ ಪಡೆದು ಸಾಲಿನಲ್ಲಿ ಕುಳಿತ ರೋಗಿಗಳಿರುವಾಗಲೂ, ತುರ್ತು ಸ್ಥಿತಿಯಲ್ಲಿ ಬಂದವರನ್ನು ಆಸ್ಪತ್ರೆಯಲ್ಲಿ ಮೊದಲು ನೋಡುವುದಕ್ಕೆ ಇದನ್ನು ಹೋಲಿಸಬಹುದು. ಕಾಗ್ನಿಟಿವ್ ರೇಡಿಯೊದಲ್ಲಿ ನಿಯಮ ಇನ್ನೂ ಕಠಿಣ. ಅರ್ಧ ಚಿಕಿತ್ಸೆ ನಡೆದವರೂ ಎದ್ದು ಹೊರಬರಬೇಕಾದಂತಹ ಸ್ಥಿತಿ ಅದು.

ಇಂತಹ ಮಾದರಿಗಳಲ್ಲಿ ಎರ್ಲಾಂಗ್ ಸೂತ್ರಕ್ಕೆ ವಿಶೇಷ ಸ್ಥಾನವಿದೆ. ದ್ವಿತೀಯ ಬಳಕೆದಾರರು ತಕ್ಷಣ ತೆರವು ಮಾಡುವುದಾದರೆ, ಪ್ರಾಥಮಿಕ ಬಳಕೆದಾರರ ಪಾಲಿಗೆ ಅವರು ಇಲ್ಲದಂತೆಯೇ. ಆದ್ದರಿಂದ ಪ್ರಾಥಮಿಕ ಬಳಕೆದಾರರ ನಷ್ಟವನ್ನು ಅವರ ಹೊರೆಯನ್ನಷ್ಟೇ ಗಣಿಸಿ, ೧೯೧೭ರ ಸೂತ್ರದಿಂದಲೇ ಪಡೆಯಬಹುದು. ದ್ವಿತೀಯ ಬಳಕೆದಾರರ ಲೆಕ್ಕ ಮಾತ್ರ ಜಟಿಲ. ೫ ಚಾನೆಲ್‌ಗಳಲ್ಲಿ ಸರಾಸರಿ ೩ ಖಾಲಿ ಇದ್ದರೂ, ಯಾವ ಮೂರು, ಎಷ್ಟು ಹೊತ್ತು ಎಂಬುದು ಪ್ರತಿ ಕ್ಷಣವೂ ಬದಲಾಗುತ್ತದೆ. ತೆರವು ಮಾಡಿದವರು ಬೇರೆ ಚಾನೆಲ್ಲಿಗೆ ಹೋಗಬೇಕೇ, ಅಲ್ಲಿಯೇ ಕಾಯಬೇಕೇ, ಅಥವಾ ಸಂಪರ್ಕವನ್ನೇ ಕೈಬಿಡಬೇಕೇ ಎಂಬುದನ್ನು ಅವಲಂಬಿಸಿ ಬೇರೆ ಬೇರೆ ಮಾದರಿಗಳಿವೆ. ಚಾನೆಲ್ ಖಾಲಿ ಇದೆಯೆಂದು ರೇಡಿಯೊ ತಪ್ಪಾಗಿ ತಿಳಿಯುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಏಕೆಂದರೆ ಆಗ ಇಬ್ಬರ ಸಂದೇಶಗಳೂ ಡಿಕ್ಕಿಯಾಗಿ ಹಾಳಾಗುತ್ತವೆ. ಆಲಿಸಲು ಹೆಚ್ಚು ಸಮಯ ಕೊಟ್ಟರೆ ತಪ್ಪು ಕಡಿಮೆಯಾಗುತ್ತದೆ, ಆದರೆ ಸಂದೇಶ ಕಳುಹಿಸಲು ಉಳಿಯುವ ಸಮಯವೂ ಕಡಿಮೆಯಾಗುತ್ತದೆ.

ಈ ಎಲ್ಲ ಮಾದರಿಗಳಲ್ಲಿಯೂ ಪ್ರತಿ ಸ್ಥಿತಿಗೆ ಬರುವ ಮತ್ತು ಸ್ಥಿತಿಯಿಂದ ಹೊರಡುವ ಪ್ರಮಾಣಗಳನ್ನು ಸರಿದೂಗಿಸುವ ಕ್ರಮವೇ ಸಾಮಾನ್ಯ. ಸ್ಥಿತಿಯೊಂದನ್ನು ಈಗ ಎರಡು ಸಂಖ್ಯೆಗಳಿಂದ, ಅಂದರೆ ಪ್ರಾಥಮಿಕ ಮತ್ತು ದ್ವಿತೀಯ ಬಳಕೆದಾರರ ಸಂಖ್ಯೆಗಳಿಂದ, ಸೂಚಿಸಲಾಗುತ್ತದೆ. ಸಮೀಕರಣಗಳು ಹೆಚ್ಚಾದಂತೆ ಅವನ್ನು ಕಂಪ್ಯೂಟರಿನ ನೆರವಿನಿಂದ ಬಿಡಿಸುತ್ತಾರೆ.

ಭಾರತದಲ್ಲಿ ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳು ಪರಸ್ಪರ ಒಪ್ಪಂದದಿಂದ ತರಂಗಾಂತರ ಹಂಚಿಕೊಳ್ಳಲು ಕೇಂದ್ರ ಸರ್ಕಾರವು ೨೦೧೫ರಲ್ಲಿ ಮಾರ್ಗಸೂಚಿಯ ಮೂಲಕ ಅವಕಾಶ ನೀಡಿತು. ಕಾಗ್ನಿಟಿವ್ ರೇಡಿಯೊದಲ್ಲಿರುವಂತೆ ಒಬ್ಬರು ಇನ್ನೊಬ್ಬರಿಗಾಗಿ ತೆರವು ಮಾಡುವ ಪದ್ಧತಿ ಇದಲ್ಲ. ಇಬ್ಬರು ಪರವಾನಗಿದಾರರು ತಮ್ಮ ಚಾನೆಲ್‌ಗಳನ್ನು ಒಟ್ಟುಗೂಡಿಸುವ ಈ ಕ್ರಮದ ಲಾಭವನ್ನು ಎರ್ಲಾಂಗ್ ಬಿ ಸೂತ್ರದಿಂದಲೇ ಅಂದಾಜು ಮಾಡಬಹು​ದು.